ಸನ್‌ಸ್ಕ್ರೀನ್ ಮಾತ್ರೆ ನುಂಗಿದರೆ ಕ್ರೀಮ್ ಹಚ್ಚೋದು ಬೇಡ್ವಾ?

ಬೇಕು. ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ, ನನ್ನದೂ ಅದೇ ಉತ್ತರ. 2018ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಮಾತ್ರೆ ಮಾರುತ್ತಿದ್ದ ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ಸನ್‌ಸ್ಕ್ರೀನ್ ಜಾಗಕ್ಕೆ ಬರುವ ಮಾತ್ರೆ ಯಾವುದೂ ಇಲ್ಲ ಅಂತ ಆಗಲೇ ನೇರವಾಗಿ ಹೇಳಿತ್ತು.

ಇಷ್ಟು ಹೇಳಿದರೆ ಮುಂದಿನ ವಾದ ರೆಡಿ ಇರುತ್ತದೆ. "ಕ್ಯಾರೆಟ್‌ಗೆ ಕಿತ್ತಳೆ ಬಣ್ಣ ಕೊಡೋ ಬೀಟಾ ಕ್ಯಾರೋಟಿನ್ ಇದೆಯಲ್ಲ, ಅದರ ಮಾತ್ರೆ ತಗೊಂಡ್ರೆ ಚರ್ಮಕ್ಕೆ ಬಣ್ಣ ಬರುತ್ತಲ್ಲ, ಆ ಬಣ್ಣ ಬಿಸಿಲು ತಡೆಯಲ್ವಾ?"

ತಡೆಯಲ್ಲ. ಗೋಡೆಗೆ ಕೆಂಪು ಬಣ್ಣ ಬಳಿದರೆ ಅದು ಇಟ್ಟಿಗೆ ಗೋಡೆ ಆಗುತ್ತದಾ? ಬಿಸಿಲಿಗೆ ಮೈ ಕಪ್ಪಾಗುವುದು ಮೆಲನಿನ್ ಎಂಬ ಚರ್ಮದ ಸ್ವಂತ ಬಣ್ಣದಿಂದ. ಚರ್ಮದ ಜೀವಕೋಶದೊಳಗೆ ಅದರ ಕಣಗಳು ನ್ಯೂಕ್ಲಿಯಸ್ಸಿನ (ಕೋಶದ ಕೇಂದ್ರದ) ಮೇಲೆ, ಬಿಸಿಲು ಬೀಳುವ ಕಡೆಗೇ, ಕೊಡೆ ಹಿಡಿದ ಹಾಗೆ ಗುಂಪುಗೂಡುತ್ತವೆ. ಹಾಗೆ ಕಪ್ಪಾದ ಮೈ ಕೂಡ ಎಸ್‌ಪಿಎಫ್ (ಸನ್‌ಸ್ಕ್ರೀನ್ ಎಷ್ಟು ಬಿಸಿಲು ತಡೆಯುತ್ತದೆ ಅನ್ನುವ ಅಳತೆ) 3–4ರಷ್ಟೇ ಕೆಲಸ ಮಾಡುತ್ತದೆ. ಮಾತ್ರೆಯ ಬಣ್ಣಕ್ಕೆ ಆ ಕೊಡೆಯೂ ಇಲ್ಲ. ಅದು ಚರ್ಮದಲ್ಲಿ, ಕೊಬ್ಬಿನಲ್ಲಿ ಸುಮ್ನೆ ಕೂತಿರುತ್ತದೆ. ತಿಂಗಳುಗಟ್ಟಲೆ ಬೀಟಾ ಕ್ಯಾರೋಟಿನ್ ನುಂಗಿದರೂ ಸಿಗುವ ರಕ್ಷಣೆ ತೀರಾ ಕಡಿಮೆ.

ಪಾಶ್ಚಾತ್ಯ ದೇಶಗಳಲ್ಲಿ ಬಿಳಿ ಮೈ ಕಂದಾಗಲಿ ಅಂತ ಕ್ಯಾಂಥಾಕ್ಸಾಂಥಿನ್ ಎಂಬ ಬಣ್ಣದ ಮಾತ್ರೆ ನುಂಗುತ್ತಿದ್ದರು. (ನಾವು 'ಟ್ಯಾನ್ ತೆಗೆಯೋದು ಹೇಗೆ' ಅಂತ ಕೇಳುತ್ತೇವೆ, ಅವರು ಬರಿಸಿಕೊಳ್ಳೋಕೆ ದುಡ್ಡು ಕೊಡುತ್ತಾರೆ!) ಮೊಟ್ಟೆಯ ಹಳದಿ ಗಾಢವಾಗಲಿ ಅಂತ ಕೋಳಿ ಆಹಾರಕ್ಕೆ ಬೆರೆಸುವ ಬಣ್ಣವೇ ಅದು. ಜಾಸ್ತಿ ನುಂಗಿದವರ ಕಣ್ಣಿನ ರೆಟಿನಾದಲ್ಲಿ ಹಳದಿ ಹರಳುಗಳು ಕೂತವು. ಬೀಟಾ ಕ್ಯಾರೋಟಿನ್ ಕೂಡ ಪೂರ್ತಿ ಸಾಧು ಅಲ್ಲ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ದಿನಕ್ಕೆ 20 ಮಿಲಿಗ್ರಾಂ ಕೊಟ್ಟು ನೋಡಿದರು. ಅದನ್ನು ನುಂಗದ ಸೇದುವವರಿಗಿಂತ ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿಯಾಗಿತ್ತು. 1994ರಲ್ಲೇ ಬಂದ ಫಲಿತಾಂಶ ಇದು. ಸೇದುವವರು ಈ ಮಾತ್ರೆಯ ಸಹವಾಸಕ್ಕೇ ಹೋಗಬೇಡಿ.

ಹಾಗಂತ ಕ್ಯಾರೆಟ್ ಪಲ್ಯ ಬಿಡಬೇಕಾಗಿಲ್ಲ. ಅದನ್ನು ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮ ಪಕ್ಕದ ಮನೆಯ ಅಜ್ಜಿ ಒಂದು ದಿನ ಮೊಮ್ಮಗುವನ್ನು ಎತ್ತಿಕೊಂಡು ಓಡಿಬಂದರು. "ಕಾಮಾಲೆ ಆಗಿದೆ ನೋಡಪ್ಪಾ, ಅಂಗೈ ಎಲ್ಲಾ ಹಳದಿ!" ಅಂಗಾಲೂ ಹಳದಿ, ಮೂಗಿನ ತುದಿಯೂ ಹಳದಿ. ಆದರೆ ಕಣ್ಣಿನ ಬಿಳಿ ಮಾತ್ರ ಅಚ್ಚ ಬಿಳಿ. "ಊಟಕ್ಕೆ ಏನು ಕೊಡ್ತೀರಿ?" ಅಂದೆ. ಬೆಳಿಗ್ಗೆ ಕ್ಯಾರೆಟ್, ಮಧ್ಯಾಹ್ನ ಸಿಹಿಗುಂಬಳ, ಸಂಜೆ ಪಪ್ಪಾಯಿ!

ಅವುಗಳಲ್ಲಿದ್ದ ಬೀಟಾ ಕ್ಯಾರೋಟಿನ್ನೇ ಚರ್ಮಕ್ಕೆ ಇಳಿದಿತ್ತು. ತರಕಾರಿ ಬದಲಾಯಿಸಿದ ಮೇಲೆ ಕೆಲವು ವಾರಗಳಲ್ಲಿ ಬಣ್ಣ ಇಳಿಯಿತು. ಕಾಮಾಲೆಯಾದರೆ ಕಣ್ಣಿನ ಬಿಳಿಯೂ ಹಳದಿಯಾಗುತ್ತದೆ. ಹಾಗೆ ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.