ನಾಬ್ ಎಷ್ಟರಲ್ಲಿತ್ತು?

"ನಿಮ್ಮ ಆ್ಯಂಪ್‌ನಲ್ಲಿ ಏನೋ ದೋಷವಿದೆ ಮಾರಾಯರೇ, ಗೇನ್ ಇಳಿಸಿದರೆ ಸದ್ದು ಮಂಕಾಗುತ್ತದೆ" ಎನ್ನುತ್ತಾ ಬಜ್ಪೆಯ ಹುಡುಗ ಮಂಗಳೂರಿನ ಕಂಕನಾಡಿಯಲ್ಲಿ ಗಿಟಾರ್ ಆ್ಯಂಪ್ಲಿಫೈಯರ್ ಕಟ್ಟುವ ನನ್ನ ವರ್ಕ್‌ಶಾಪಿಗೆ ಬಂದ. ಆ್ಯಂಪ್ ಎಲ್ಲಿ ಎಂದರೆ ಚೀಲದಿಂದ ಬುತ್ತಿಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ತೆಗೆದ. ಕ್ರಿಸ್‌ಮಸ್ ಕಳೆದ ವಾರ ಯಾರದೋ ರೋಸಿಗೆಂದು (ಮದುವೆಯ ಮುಂಚಿನ ಶಾಸ್ತ್ರ) ನನ್ನ ವಾಲ್ವ್ ಆ್ಯಂಪ್ ಒಯ್ದವನು ಅದರ ಪ್ರೊಫೈಲ್, ಅಂದರೆ ಸದ್ದಿನ ಡಿಜಿಟಲ್ ನಕಲು, ಈ ಪೆಟ್ಟಿಗೆಯಲ್ಲಿ ಮಾಡಿಕೊಂಡೇ ಹಿಂದಿರುಗಿಸಿದ್ದ. ಹೇಳಿರಲಿಲ್ಲ. ಜೊತೆಗೆ ಕ್ರಿಸ್‌ಮಸ್ ತಿಂಡಿ ಕುಸ್ವಾರ್ ಮಾತ್ರ ಧಾರಾಳವಾಗಿ ಕೊಟ್ಟಿದ್ದ.

ಇಂಥ ದೂರು ತರುವವರಲ್ಲಿ ಅವನು ಮೊದಲನೆಯವನಲ್ಲ. 2011ರಲ್ಲಿ ಜರ್ಮನಿಯ ಕೆಂಪರ್ ಕಂಪನಿ ಈ ಪ್ರೊಫೈಲ್ ತಂತ್ರವನ್ನು ಪೇಟೆಗೆ ತಂದಿತು. ಪರೀಕ್ಷೆಯ ಸದ್ದುಗಳನ್ನು ಆ್ಯಂಪ್‌ಗೆ ಕಳಿಸಿ, ಸ್ಪೀಕರಿನಿಂದ ಹೊರಬಂದದ್ದನ್ನು ಮೈಕಿನಲ್ಲಿ ಹಿಡಿದು, ವ್ಯತ್ಯಾಸವನ್ನು ಲೆಕ್ಕ ಹಾಕುವುದು. ಕೆಲಸ ಚೊಕ್ಕ, ಒಪ್ಪುತ್ತೇನೆ. ಆದರೆ ಸೆರೆ ಸಿಕ್ಕುವುದು ಆ ಹೊತ್ತಿನಲ್ಲಿ ನಾಬ್‌ಗಳು ಇದ್ದ ಒಂದೇ ಸ್ಥಿತಿ. ಒಂದೇ!

ಹುಡುಗ ನನ್ನ ಆ್ಯಂಪ್‌ನ ವಾಲ್ಯೂಮನ್ನು (ಸಂಕೇತ ಹಿಗ್ಗಿಸುವ ಗೇನ್ ಏರಿಳಿಸುವುದೂ ಅದೇ ನಾಬ್) ತುತ್ತತುದಿಯ ಹತ್ತರಲ್ಲಿಟ್ಟು ಸೆರೆ ಹಿಡಿದಿದ್ದ. ನನ್ನ ಆ್ಯಂಪ್‌ನಲ್ಲಿ ವಾಲ್ಯೂಮ್ ನಾಬಿಗೆ ಅಡ್ಡಲಾಗಿ ಪುಟ್ಟ ಬ್ರೈಟ್ ಕೆಪಾಸಿಟರ್ ಇದೆ. ವಾಲ್ಯೂಮ್ ಇಳಿಸಿದಷ್ಟೂ ಅದು ತೀಕ್ಷ್ಣ ಸ್ವರಗಳಿಗೆ ಒಳದಾರಿ ಮಾಡಿಕೊಡುತ್ತದೆ, ಹತ್ತರಲ್ಲಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಂದರೆ ಅವನ ಪ್ರೊಫೈಲಿಗೆ ಆ ಕೆಪಾಸಿಟರಿನ ಪರಿಚಯವೇ ಇಲ್ಲ. ಪೆಟ್ಟಿಗೆಯಲ್ಲಿ ಗೇನ್ ಇಳಿಸಿದಾಗ ಇಳಿಯುವುದು ಪೆಟ್ಟಿಗೆಯ ಗೇನ್, ನನ್ನ ಆ್ಯಂಪ್‌ನದಲ್ಲ. ಬಾಸ್, ಟ್ರೆಬಲ್ ಕತೆಯೂ ಅಷ್ಟೇ. ನನ್ನಲ್ಲಿ ಒಂದನ್ನು ತಿರುಗಿಸಿದರೆ ಇನ್ನೊಂದರ ಪರಿಣಾಮವೂ ಕದಲುತ್ತದೆ, ಅವನ ಪೆಟ್ಟಿಗೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಇದನ್ನು ಮೂರು ಸಲ ಹೇಳಿದೆ. "ಹಾಗಾದರೆ ದೋಷ ಇರುವುದು ಕೆಪಾಸಿಟರಿನಲ್ಲಾ?" ಎಂದ.

ಎಲ್ಲ ಪೆಟ್ಟಿಗೆಗಳಿಗೂ ಈ ಮಾತು ಒಂದೇ ರೀತಿ ಅನ್ವಯಿಸುತ್ತದೆ ಎನ್ನಲಾರೆ. ಮೂಲ ಆ್ಯಂಪ್‌ನ ಗೇನ್ ಮತ್ತು ಟೋನ್ ನಾಬ್‌ಗಳ ನಡೆಯನ್ನು ಪ್ರೊಫೈಲಿಗೆ ಜೋಡಿಸುವ ವ್ಯವಸ್ಥೆಯನ್ನು ಕೆಂಪರ್ ಆಮೇಲೆ ತಂದಿದೆ. ಆದರೆ ಅದು ಆಯ್ದ ಮಾದರಿಗಳಿಗೆ. ಕಂಕನಾಡಿಯ ಹಂಚಿನ ಮಾಡಿನ ಕೆಳಗೆ ಬೆಸುಗೆ ಹಾಕಿದ ಆ್ಯಂಪ್ ಆ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು?

ಕಳವು ಎಂದು ಕೂಗಲು ನನಗೆ ಬಾಯಿಲ್ಲ. ಮಾರ್ಷಲ್‌ನ ಜೆಟಿಎಂ45 ಎಂಬ ಹೆಸರಾಂತ ಆ್ಯಂಪ್ ಹುಟ್ಟಿದ್ದೇ ಫೆಂಡರ್ ಕಂಪನಿಯ ಬಾಸ್‌ಮನ್‌ನ ಸರ್ಕ್ಯೂಟಿನಿಂದ, ನನ್ನದೂ ಅದೇ ವಂಶದ್ದು. ಆದರೂ ನಕಲು ಮಾಡಲು ನಾನು ಟ್ರಾನ್ಸ್‌ಫಾರ್ಮರ್ ಸುತ್ತಿದ್ದೇನೆ, ನಾನೂರು ವೋಲ್ಟಿನ ಏಟು ತಿಂದಿದ್ದೇನೆ. ನೋವಾಗುವುದು ನಕಲಿಗಲ್ಲ, ಆ ಮಂಕು ಸದ್ದು ನನ್ನ ಹೆಸರು ಹೊತ್ತು ಮೊಬೈಲಿನಿಂದ ಮೊಬೈಲಿಗೆ ಉಡುಪಿಯವರೆಗೂ ಹೋಗಿರುವುದಕ್ಕೆ.

ಜೋರು ಮಳೆಯಲ್ಲಿ ಸ್ಕೂಟರಿನ ಮೇಲೆ ಆ್ಯಂಪ್ ಒಯ್ಯು ಎಂದು ಅವನಿಗೆ ಹೇಗೆ ಹೇಳಲಿ? ಕೊನೆಗೆ ನಾನೇ ಆ್ಯಂಪ್ ಬಿಸಿ ಮಾಡಿ, ಮೈಕ್ ಇಟ್ಟು, ವಾಲ್ಯೂಮ್ ಮೂರು, ಆರು, ಹತ್ತರಲ್ಲಿ ಮೂರು ಪ್ರೊಫೈಲ್ ಮಾಡಿಸಿದೆ. ಪ್ರತಿಯೊಂದರ ಹೆಸರಿನಲ್ಲೂ ನಾಬ್‌ಗಳ ಅಂಕಿ ಬರೆಸಿದೆ. ಮಧ್ಯಾಹ್ನವಿಡೀ ಹಿಡಿಯಿತು. ಹಣ ಕೇಳಿದ್ದಕ್ಕೆ ಹುಡುಗ ನಿಜವಾಗಿಯೂ ಆಶ್ಚರ್ಯಪಟ್ಟ.