ಷಟರ್ ಇಳಿಯದ ಭಾನುವಾರ

ದಸರಾಕ್ಕೆ ಮುಂಚಿನ ಒಂದು ಭಾನುವಾರ. ದೊಡ್ಡ ಬಟ್ಟೆ ಅಂಗಡಿಯೊಂದರ ಬಿಲ್ಲಿಂಗ್ ಕ್ಯೂನಲ್ಲಿ ನಿಂತಿದ್ದೆ. ಪಕ್ಕದಲ್ಲೇ ಸ್ಟಾಫ್ ಒಳಗೆ ಹೋಗುವ ಬಾಗಿಲು. ಅದರ ಮೇಲೆ ಸೆಲ್ಲೋಟೇಪ್‌ನಲ್ಲಿ ಅಂಟಿಸಿದ ಒಂದು ಹಾಳೆ. ಎಡಗಡೆ ಹೆಸರುಗಳು, ಮೇಲ್ಗಡೆ ತಾರೀಖು. ಕೆಲವು ಚೌಕಗಳಲ್ಲಿ ಕೆಂಪು ಪೆನ್ನಿನಿಂದ ‘ಡಬ್ಲ್ಯೂಓ’ ಅಂತ ಬರೆದಿದ್ದರು. ವೀಕ್ಲಿ ಆಫ್. ಓದಲು ಬೇರೇನೂ ಇರಲಿಲ್ಲ, ಅದನ್ನೇ ಓದಿದೆ. ಸೋಮವಾರದಿಂದ ಗುರುವಾರದವರೆಗೆ ಕೆಂಪು ಅಕ್ಷರ ಅಲ್ಲಲ್ಲಿ ಕಾಣಿಸುತ್ತಿತ್ತು. ಶನಿವಾರ, ಭಾನುವಾರದ ಕಾಲಂ ಮಾತ್ರ ಮೇಲಿಂದ ಕೆಳಗಿನ ತನಕ ಖಾಲಿ.

ಯಾರ ರಜೆಯನ್ನೂ ಕಿತ್ತುಕೊಂಡಿಲ್ಲ. ವಾರಕ್ಕೊಂದು ಇದ್ದೇ ಇದೆ. ಕಾನೂನಿನ ಲೆಕ್ಕದಲ್ಲಿ ಎಲ್ಲ ಸರಿ. ಆದರೆ ಆ ಖಾಲಿ ಕಾಲಂ ಹುಟ್ಟಿದ್ದು ಹೇಗೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಅಂದರೆ ಎತ್ತಿಗೆ ವಾರದ ರಜೆ ಯಾವತ್ತಿನಿಂದಲೋ ಇತ್ತು! ಮನುಷ್ಯ ಕೂಲಿಯಾಳಿಗೆ ಅದು ಸಿಗಲು ಹೋರಾಟವೇ ಬೇಕಾಯಿತು. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ದುಡಿಯುತ್ತಿದ್ದವರನ್ನು ನಾರಾಯಣ ಮೇಘಾಜಿ ಲೋಖಂಡೆ ಒಟ್ಟುಗೂಡಿಸಿದರು. ಜ್ಯೋತಿಬಾ ಫುಲೆಯವರ ಜೊತೆಗಾರ, ‘ದೀನಬಂಧು’ ಪತ್ರಿಕೆಯ ಸಂಪಾದಕ. 1884ರಲ್ಲಿ ಗಿರಣಿ ಕೆಲಸಗಾರರ ಸಂಘ ಕಟ್ಟಿದರು. 1890ರ ಏಪ್ರಿಲ್‌ನಲ್ಲಿ ಅವರು ಕರೆದ ಸಭೆಗೆ ಸುಮಾರು 10,000 ಜನ ಸೇರಿದ್ದರು, ಇಬ್ಬರು ಹೆಂಗಸರೂ ಎದ್ದು ಮಾತಾಡಿದ್ದರು. ಅದೇ ವರ್ಷ ಜೂನ್ 10ಕ್ಕೆ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು.

ಭಾನುವಾರವೇ ಯಾಕೆ? ಇಂಗ್ಲಿಷ್ ಸಾಹೇಬರು ಚರ್ಚಿಗೆ ಹೋಗುವ ದಿನ ಅಂತಲೇ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಗಿರಣಿಯ ಮಂದಿಗೆ ಅದು ಖಂಡೋಬನ ವಾರವೂ ಹೌದು. ಖಂಡೋಬ ಅಂದರೆ ಬೇರೆ ಯಾರೂ ಅಲ್ಲ, ನಮ್ಮ ಮೈಲಾರಲಿಂಗನೇ.

ಮಾರನೇ ವರ್ಷ, 1891ರ ಫ್ಯಾಕ್ಟರಿ ಕಾಯ್ದೆಯಲ್ಲೂ ವಾರದ ರಜೆ ಬಂತು. ಅಂಗಡಿಯವರಿಗೆ ಬರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಮಾಲೀಕ, ಮುಂದೆ ಇಬ್ಬರು ಹುಡುಗರು. ಹೆಚ್ಚಾಗಿ ಊರ ಕಡೆಯಿಂದ ಕರೆತಂದ ನೆಂಟರ ಮಕ್ಕಳು. ಅಂಗಡಿಯಲ್ಲೇ ಊಟ, ಅಲ್ಲೇ ನಿದ್ದೆ. ಇದನ್ನು ಕೆಲಸ ಅಂತ ಎಣಿಸಲು ಸರ್ಕಾರಕ್ಕೂ ತುಂಬಾ ಕಾಲ ಹಿಡಿಯಿತು. ಹೊರ ದೇಶಗಳ ಕಥೆಯೂ ಬೇರೆಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕಾರ್ಖಾನೆಯವರ ವಾರದ ವಿಶ್ರಾಂತಿಗೆ ಒಪ್ಪಂದ ಮಾಡಿದ್ದು 1921ರಲ್ಲಿ. ಅಂಗಡಿ ಮತ್ತು ಆಫೀಸಿನವರಿಗೆ ಅಂಥದ್ದೇ ಒಪ್ಪಂದ ಬಂದಿದ್ದು 1957ರಲ್ಲಿ.

ನಮ್ಮಲ್ಲಿ ಮೊದಲ ಅಂಗಡಿ ಕಾಯ್ದೆ ಮಾಡಿದ್ದು ಮುಂಬೈ ಪ್ರಾಂತ್ಯ, 1939ರಲ್ಲಿ. ಆಗ ಧಾರವಾಡ, ಬೆಳಗಾವಿ ಅದೇ ಪ್ರಾಂತ್ಯದಲ್ಲಿದ್ದವು. 1942ರಲ್ಲಿ ದೇಶಕ್ಕೆಲ್ಲ ಸೇರಿದಂತೆ ವಾರದ ರಜೆ ಕಾಯ್ದೆ ಬಂತು. ಅದನ್ನು ಜಾರಿ ಮಾಡುವುದು, ಬಿಡುವುದು ಪ್ರಾಂತ್ಯಗಳಿಗೆ ಬಿಟ್ಟಿದ್ದು. ಆದರೆ ಅದರ ಮಾತು ಖಡಕ್ಕಾಗಿತ್ತು. ವಾರಕ್ಕೊಂದು ದಿನ ಅಂಗಡಿ ಪೂರ್ತಿ ಮುಚ್ಚಿರಬೇಕು. ಯಾವ ದಿನ ಅಂತ ಎಲ್ಲರಿಗೂ ಕಾಣುವ ಹಾಗೆ ಬೋರ್ಡ್ ಹಾಕಬೇಕು. ಆ ದಿನವನ್ನು ಮೂರು ತಿಂಗಳಿಗೊಮ್ಮೆಗಿಂತ ಹೆಚ್ಚು ಸಲ ಬದಲಾಯಿಸಬಾರದು.

ಏಕೀಕರಣದ ಹೊತ್ತಿಗೆ ನಮ್ಮ ರಾಜ್ಯದಲ್ಲಿ ನಾಲ್ಕು ಥರದ ಅಂಗಡಿ ಕಾನೂನುಗಳಿದ್ದವು. ಮೈಸೂರಿನದು ಒಂದು, ಮುಂಬೈ ಕಡೆಯದು ಒಂದು, ಹೈದರಾಬಾದ್ ಕಡೆಯದು ಒಂದು, ಮಂಗಳೂರಿಗೆ ಮದರಾಸಿನದು. ಇವನ್ನೆಲ್ಲ ಒಟ್ಟು ಮಾಡಿ ಬಂದದ್ದೇ ಈಗಲೂ ಇರುವ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಐದು ಗಂಟೆ ದುಡಿದ ಮೇಲೆ ಒಂದು ಗಂಟೆ ಬಿಡುವು. ಬಿಡುವು ಸೇರಿ ದಿನಕ್ಕೆ 12 ಗಂಟೆ ದಾಟಬಾರದು. ಜಾಸ್ತಿ ದುಡಿಸಿದರೆ ಎರಡು ಪಟ್ಟು ಕೂಲಿ. ವಾರಕ್ಕೊಂದು ಪೂರ್ತಿ ದಿನ ರಜೆ, ಅಂಗಡಿಗೂ ಬಾಗಿಲು.

ಈ ಕೊನೆಯ ಮಾತು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಉಳಿದದ್ದನ್ನೆಲ್ಲ ಪರೀಕ್ಷೆ ಮಾಡಲು ಹಾಜರಿ ಪುಸ್ತಕ ಬೇಕು, ಇನ್‌ಸ್ಪೆಕ್ಟರ್ ಬೇಕು. ಬಾಗಿಲು ಮುಚ್ಚಿದೆಯೋ ಇಲ್ಲವೋ ಅನ್ನುವುದು ಬೀದಿಯಲ್ಲಿ ಹೋಗುವ ಯಾರಿಗಾದರೂ ಕಾಣುತ್ತದೆ. ಷಟರೇ ಇನ್‌ಸ್ಪೆಕ್ಟರ್. ಕಳ್ಳದಾರಿ ಇರಲಿಲ್ಲ ಅಂತಲ್ಲ. ಅರ್ಧ ಷಟರ್ ಇಳಿಸಿ ಒಳಗೆ ಸ್ಟಾಕ್ ಎಣಿಸುವುದು, ಗುರುತಿನವರು ಬಂದರೆ ಬಗ್ಗಿ ಒಳಗೆ ಬಿಟ್ಟುಕೊಳ್ಳುವುದು ಎಲ್ಲ ಊರಿನ ಪೇಟೆಯಲ್ಲೂ ಇತ್ತು. ಆದರೆ ಅರ್ಧ ಷಟರ್‌ನಲ್ಲಿ ಎಷ್ಟು ವ್ಯಾಪಾರ ಆದೀತು?

ಬೆಂಗಳೂರಿನ ಅವೆನ್ಯೂ ರಸ್ತೆಗೆ ಭಾನುವಾರ ಹೋದವರಿಗೆ ಇದರ ಇನ್ನೊಂದು ಮುಖ ಗೊತ್ತು. ಅಂಗಡಿಗಳು ಮುಚ್ಚಿದ ಮೇಲೆ ಅವುಗಳ ಮುಂದಿನ ಜಾಗ ಹಳೇ ಪುಸ್ತಕ ಮಾರುವವರದ್ದು. ಇಳಿದ ಷಟರ್‌ಗೇ ಒರಗಿಸಿ ಪುಸ್ತಕ ಜೋಡಿಸಿರುತ್ತಾರೆ. ಒಬ್ಬರ ರಜೆ ಇನ್ನೊಬ್ಬರ ಅಂಗಡಿಯಾಗುತ್ತಿತ್ತು.

2000ದ ನಂತರ ಗಾಳಿ ಬದಲಾಯಿತು. 2004ರಲ್ಲಿ ಕೋರಮಂಗಲದಲ್ಲಿ ಫೋರಂ ಮಾಲ್ ತೆರೆಯಿತು. ಮಾಲ್‌ಗೆ ಷಟರ್ ಇಳಿಸುವ ದಿನವೇ ಇಲ್ಲ. ಐಟಿಯವರಿಗೆ ವಾರಕ್ಕೆ ಐದು ದಿನ ಕೆಲಸ, ಶನಿವಾರ ಭಾನುವಾರ ಬಿಡುವು. ಎಸಿ, ಸಿನಿಮಾ, ಊಟ, ಖರೀದಿ ಎಲ್ಲ ಒಂದೇ ಕಡೆ. ಕುಟುಂಬ ಸಮೇತ ಹೋಗಲು ಭಾನುವಾರ ಬಿಟ್ಟರೆ ಬೇರೆ ದಿನ ಎಲ್ಲಿದೆ? ಹಾಗೆ ಭಾನುವಾರ ರಜೆಯ ದಿನವಾಗಿದ್ದದ್ದು ಗಲ್ಲಾ ತುಂಬುವ ದಿನವಾಯಿತು. ಇದಕ್ಕೆ ಮಾಲೀಕರನ್ನು ಮಾತ್ರ ಬೈದರೆ ನ್ಯಾಯವಲ್ಲ. ಆ ಕ್ಯೂನಲ್ಲಿ ನಾನೂ ಇದ್ದೆನಲ್ಲ.

2016ರ ಜೂನ್‌ನಲ್ಲಿ ಕೇಂದ್ರ ಸಂಪುಟ, ರಾಜ್ಯಗಳು ಬೇಕಾದರೆ ಅನುಸರಿಸಲಿ ಅಂತ, ಅಂಗಡಿಗಳ ಬಗ್ಗೆ ಒಂದು ಮಾದರಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಅಂಗಡಿ ವರ್ಷದ 365 ದಿನವೂ ತೆರೆದಿರಬಹುದು, ಯಾವ ಹೊತ್ತಿಗೆ ಬೇಕಾದರೂ ತೆರೆಯಬಹುದು, ಮುಚ್ಚಬಹುದು. ಮಹಾರಾಷ್ಟ್ರ 2017ರಲ್ಲಿ ಇದೇ ಜಾಡಿನಲ್ಲಿ ಹೊಸ ಕಾಯ್ದೆ ಮಾಡಿತು. ಅದರಲ್ಲಿ ಇನ್‌ಸ್ಪೆಕ್ಟರ್ ಅನ್ನುವ ಹೆಸರೂ ಹೋಗಿ ‘ಫೆಸಿಲಿಟೇಟರ್’, ಅಂದರೆ ಅನುಕೂಲ ಮಾಡಿಕೊಡುವವ, ಆಯಿತು. ಹೆಸರಿನಲ್ಲೇ ತಪಾಸಣೆ ಮಾಯ.

ಕರ್ನಾಟಕ ಕಾಯ್ದೆ ಬದಲಿಸಲಿಲ್ಲ, ಆದೇಶ ಹೊರಡಿಸಿತು. ಕೊರೊನಾದಿಂದ ಪೇಟೆ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಹೊತ್ತು, 2021ರ ಜನವರಿ. ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿರುವ ಅಂಗಡಿಗಳು ಮೂರು ವರ್ಷ ಕಾಲ ದಿನದ 24 ಗಂಟೆ, ವಾರದ ಏಳೂ ದಿನ ತೆರೆದಿರಬಹುದು ಅಂದಿತು. ಆಮೇಲೆ ಆ ಅನುಮತಿ ಮುಂದುವರಿಯಿತು. ಷರತ್ತುಗಳು ಓದಲು ಚೆನ್ನಾಗಿವೆ. ಪ್ರತಿಯೊಬ್ಬರಿಗೂ ಸರದಿ ಮೇಲೆ ವಾರಕ್ಕೊಂದು ರಜೆ ಸಿಗುವಷ್ಟು ಹೆಚ್ಚುವರಿ ಜನರನ್ನು ತೆಗೆದುಕೊಳ್ಳಬೇಕು. ಅವತ್ತು ಯಾರಿಗೆ ರಜೆ ಅಂತ ಬೋರ್ಡಿನಲ್ಲಿ ಹಾಕಬೇಕು. ದಿನಕ್ಕೆ 8 ಗಂಟೆ, ಹೆಚ್ಚುವರಿ ದುಡಿಮೆ (ಓಟಿ) ಸೇರಿ 10 ಗಂಟೆ, ಮೂರು ತಿಂಗಳಲ್ಲಿ ಓಟಿ 50 ಗಂಟೆ ಮೀರಬಾರದು. ಹೆಂಗಸರನ್ನು ರಾತ್ರಿ 8ರ ನಂತರ ದುಡಿಸಬೇಕಾದರೆ ಅವರೇ ಬರೆದುಕೊಟ್ಟ ಒಪ್ಪಿಗೆ, ಮನೆಗೆ ಬಿಡಲು ವಾಹನ, ಭದ್ರತೆ ಬೇಕು.

ಮೇಲ್ನೋಟಕ್ಕೆ ಕೆಲಸಗಾರನ ರಜೆ ಹಾಗೇ ಉಳಿದಿದೆ. ಹೋಗಿದ್ದು ಅಂಗಡಿಯ ರಜೆ ಮಾತ್ರ. ಆದರೆ ಇವೆರಡೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಗಡಿಯೇ ಮುಚ್ಚಿದಾಗ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಈಗ ರಜೆ ಅಂದರೆ ಚಾರ್ಟಿನ ಒಂದು ಚೌಕ. ಪಕ್ಕದ ಕೌಂಟರಿನವಳಿಗೆ ಜ್ವರ ಬಂದರೆ ನಿಮ್ಮ ಚೌಕ ಅಳಿಸಿಹೋಗುತ್ತದೆ. ಬೆಳಿಗ್ಗೆ ಎಂಟಕ್ಕೆ ಸೂಪರ್‌ವೈಸರ್ ಫೋನು. ‘ಇವತ್ತೊಂದಿನ ಬನ್ನಿ, ಕಾಂಪ್ ಆಫ್ ಕೊಡೋಣ.’ ಅಂದರೆ ಬದಲಿಗೆ ಇನ್ನೊಂದು ದಿನ ರಜೆ. ಅದು ಯಾವಾಗ ಅಂತ ಕೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಆಫರ್ ಸೀಸನ್‌ನಲ್ಲಂತೂ ಕೇಳುವುದೇ ತಪ್ಪು.

ಹಾಗೆ ನೋಡಿದರೆ ನಮ್ಮ ಅಂಗಡಿ ಕಾನೂನು ಭಾನುವಾರ ಅಂತ ಎಂದೂ ಪಟ್ಟು ಹಿಡಿದಿರಲಿಲ್ಲ. ಒಂದು ದಿನ, ಅಷ್ಟೇ. ಬ್ರಿಟನ್ನಿನಲ್ಲಿ ಜಗಳವೆಲ್ಲ ಭಾನುವಾರದ ಮೇಲೆಯೇ ನಡೆಯಿತು. ಭಾನುವಾರವೂ ಅಂಗಡಿ ತೆರೆಯಲು ಬಿಡೋಣ ಅಂತ 1986ರಲ್ಲಿ ಥ್ಯಾಚರ್ ಸರ್ಕಾರ ತಂದ ಮಸೂದೆ ಬಿದ್ದುಹೋಯಿತು. 1994ರಲ್ಲಿ ಇಂಗ್ಲೆಂಡ್, ವೇಲ್ಸ್‌ನಲ್ಲಿ 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳಿಗೆ ಭಾನುವಾರ ಆರು ಗಂಟೆ ಮಾತ್ರ ತೆರೆಯಲು ಬಿಟ್ಟರು. 2012ರ ಒಲಿಂಪಿಕ್ಸ್‌ಗಾಗಿ ಕೆಲವು ವಾರ ಆ ಮಿತಿ ತೆಗೆದಿದ್ದರು. 2016ರಲ್ಲಿ ಸರ್ಕಾರ ಅದನ್ನು ಇನ್ನಷ್ಟು ಸಡಿಲಿಸಲು ಹೊರಟಾಗ ಸಂಸತ್ತಿನಲ್ಲಿ 317–286 ಮತಗಳಿಂದ ಸೋತಿತು. ನನಗೆ ಅಲ್ಲಿನ ಕಾನೂನಿನಲ್ಲಿ ಹಿಡಿಸಿದ್ದು ಒಂದು ಸಣ್ಣ ಅಂಶ. ಭಾನುವಾರ ಕೆಲಸ ಮಾಡಲ್ಲ ಅಂತ ಅಂಗಡಿ ಕೆಲಸಗಾರ ಮೂರು ತಿಂಗಳ ನೋಟಿಸ್ ಕೊಟ್ಟು ಹೇಳಬಹುದು. ಅದಕ್ಕಾಗಿ ಅವನನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ. ನಮ್ಮ ಷರತ್ತುಗಳ ಪಟ್ಟಿಯಲ್ಲಿ ಎಲ್ಲೂ ಹೀಗೆ ‘ಬೇಡ’ ಅನ್ನುವ ಅವಕಾಶ ಇಲ್ಲ, ರಾತ್ರಿ ಪಾಳಿಯ ಹೆಂಗಸರಿಗೆ ಬಿಟ್ಟು.

ಎಲ್ಲರಿಗೂ ಭಾನುವಾರವೇ ಬೇಕು ಅಂತಲೂ ಹೇಳಲಾರೆ. ಇನ್ಸೆಂಟಿವ್ ಬರುವುದೇ ವ್ಯಾಪಾರ ಜೋರಾದ ದಿನ. ಕಾಲೇಜು ಹುಡುಗರಿಗೆ ವಾರಾಂತ್ಯದ ಕೆಲಸ ಬಿಟ್ಟರೆ ಬೇರೆ ಸಮಯವಿಲ್ಲ. ಬ್ಯಾಂಕು, ರೇಷನ್ ಕಾರ್ಡಿನ ಕೆಲಸಕ್ಕೆ ಮಂಗಳವಾರದ ರಜೆಯೇ ಒಳ್ಳೆಯದು. ಆದರೆ ಮಂಗಳವಾರ ಮಕ್ಕಳು ಶಾಲೆಯಲ್ಲಿ, ಗಂಡ ಕೆಲಸದಲ್ಲಿ. ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ನಗರದ ಜನ ಭಾನುವಾರದ ಮುಹೂರ್ತವನ್ನೇ ಹುಡುಕುತ್ತಾರೆ. ಅದೇ ಮದುವೆಗೆ ಸೀರೆ ಸುತ್ತಿ ತೋರಿಸಿದವಳು ತನ್ನ ತಂಗಿಯ ಮಗುವಿನ ತೊಟ್ಟಿಲಿಗೆ ಹೋಗಲು ಎರಡು ವಾರ ಮುಂಚಿನಿಂದ ಗೋಗರೆಯಬೇಕು.

ಇದರ ಜೊತೆಗೆ ನಿಲ್ಲುವ ಕಷ್ಟ. ಕೇರಳದಲ್ಲಿ ಕೋಳಿಕ್ಕೋಡಿನ ಮಿಠಾಯಿ ತೆರು ಅನ್ನುವ ಪೇಟೆ ಬೀದಿಯ ಅಂಗಡಿಗಳ ಹೆಂಗಸರು ಹೋರಾಟಗಾರ್ತಿ ಪಿ. ವಿಜಿ ಅವರ ಜೊತೆ ಸೇರಿ ವರ್ಷಗಟ್ಟಲೆ ಕೇಳಿದ್ದು ಕೂರಲು ಒಂದು ಸ್ಟೂಲು, ಹೋಗಲು ಒಂದು ಶೌಚಾಲಯ. 2018ರಲ್ಲಿ ಅಲ್ಲಿ ಕಾನೂನು ತಿದ್ದುಪಡಿಯಾಯಿತು. 2021ರಲ್ಲಿ ತಮಿಳುನಾಡೂ ಕೂರುವ ಹಕ್ಕಿಗೆ ಕಾನೂನು ಮಾಡಿತು.

ನಮ್ಮಲ್ಲಿ 2025ರ ಜೂನ್‌ನಲ್ಲಿ ಚರ್ಚೆಗೆ ಬಂದದ್ದು ಇನ್ನೊಂದು ದಿಕ್ಕಿನ ಪ್ರಸ್ತಾವ. ದಿನದ ಕೆಲಸ 9ರಿಂದ 10 ಗಂಟೆಗೆ, ಓಟಿ ಸೇರಿ 12ಕ್ಕೆ, ಮೂರು ತಿಂಗಳ ಓಟಿ ಮಿತಿ 50ರಿಂದ 144 ಗಂಟೆಗೆ. ಐಟಿ ನೌಕರರ ಸಂಘ ಜೋರಾಗಿ ವಿರೋಧಿಸಿತು, ಸುದ್ದಿಯಾಯಿತು. ಸುದ್ದಿಯಲ್ಲೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತವರದ್ದೇ ಚಿತ್ರ. ಅದೇ 1961ರ ಕಾಯ್ದೆಯಡಿ ಕೌಂಟರ್ ಹಿಂದೆ ನಿಂತವರೂ ಬರುತ್ತಾರೆ ಅನ್ನುವುದು ಎಷ್ಟು ಜನಕ್ಕೆ ಹೊಳೆಯಿತೋ.

ಅವತ್ತು ನನ್ನ ಬಿಲ್ ಆಗುವಾಗ ರಾತ್ರಿ ಒಂಬತ್ತೂವರೆ. ಕೌಂಟರಿನ ಹುಡುಗಿ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸುತ್ತಾ ಸೀರೆ ಮಡಚಿ ಕವರಿಗೆ ಹಾಕಿದಳು. ಹಿಂದೆ ಇನ್ನೂ ಹದಿನೈದು ಜನ ಇದ್ದರು. ಬಾಗಿಲ ಹತ್ತಿರ ಸೆಕ್ಯೂರಿಟಿಯವರು ಷಟರ್ ಎಳೆಯುವ ಉದ್ದನೆಯ ಕೊಕ್ಕೆಯನ್ನು ಗೋಡೆಗೆ ಒರಗಿಸಿಟ್ಟುಕೊಂಡು ಕಾಯುತ್ತಿದ್ದರು.