ಬಿ.ಇ. ಆದ ಮೇಲೆ ನೇರವಾಗಿ ಪಿಎಚ್.ಡಿ. ಮಾಡಬಹುದಾ?

ಪ್ರಶ್ನೆ: ಸರ್, ನಾನು ಕಂಪ್ಯೂಟರ್ ಸೈನ್ಸ್ ಬಿ.ಇ. ಕೊನೆಯ ವರ್ಷದಲ್ಲಿದ್ದೇನೆ. ಪಿಎಚ್.ಡಿ. ಮಾಡುವ ಆಸೆ. ಮೊದಲು ಎಂ.ಟೆಕ್ ಮಾಡಲೇಬೇಕಾ? ಮನೆಯಲ್ಲಿ ‘ಅಷ್ಟು ಲಕ್ಷ ಎಲ್ಲಿಂದ ತರೋದು’ ಅಂತಾರೆ.

ಎಂ.ಟೆಕ್ ಆಗಲೇಬೇಕು ಅಂತೇನಿಲ್ಲ. ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಗೇಟ್ ಪ್ರವೇಶ ಪರೀಕ್ಷೆಯ ಸ್ಕೋರ್ ನೋಡಿ ಬಿ.ಇ. ಆದವರನ್ನೂ ಇಂಟರ್‌ವ್ಯೂಗೆ ಕರೆಯುತ್ತದೆ. ಐಐಟಿಗಳಲ್ಲೂ ಈ ದಾರಿ ಇದೆ. ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಬಂದಿದ್ದರೆ ಅರ್ಜಿ ಹಾಕಬಹುದು. ಆಲ್ಗರಿದಮ್, ಪ್ರಾಬಬಿಲಿಟಿ, ಲೀನಿಯರ್ ಆಲ್ಜಿಬ್ರಾ ಗಟ್ಟಿ ಮಾಡಿಕೊಳ್ಳಿ.

ಇನ್ನು ಆ ಲಕ್ಷಗಳ ಮಾತು. ಎಷ್ಟು ಸಲ ಹೇಳಿದರೂ ಇದು ಹೋಗುವುದೇ ಇಲ್ಲ. ದಯವಿಟ್ಟು ಈ ಭಾಗವನ್ನು ಅಪ್ಪ ಅಮ್ಮನಿಗೆ ಓದಿ ಹೇಳಿ. ಇಂಥ ಸಂಸ್ಥೆಗಳಲ್ಲಿ ಪೂರ್ಣಾವಧಿ ಪಿಎಚ್.ಡಿ.ಗೆ ಸೇರಿದರೆ ನಿಮಗೇ ತಿಂಗಳು ತಿಂಗಳು ದುಡ್ಡು ಬರುತ್ತದೆ. 2023ರ ಜನವರಿಯಿಂದ ಜಾರಿಯಾದ ದರದಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) 37,000 ರೂಪಾಯಿ, ಎರಡು ವರ್ಷ ಕಳೆದು ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋಶಿಪ್) ಆದರೆ 42,000. ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ 2018ರಲ್ಲಿ ಶುರುವಾದಾಗಲೇ ಮೊದಲೆರಡು ವರ್ಷಕ್ಕೆ ತಿಂಗಳಿಗೆ 70,000 ಇಟ್ಟಿತ್ತು. ಫೀಸು ಇದೆ, ನಿಜ. ಅದನ್ನು ಈ ಹಣದಲ್ಲೇ ಕಟ್ಟಿಕೊಳ್ಳಬಹುದು.

ಹಾಗಾದರೆ ಈ ಭಯ ಎಲ್ಲಿಂದ ಬಂತು? ಪಕ್ಕದ ಮನೆ ಹುಡುಗ ಎಜುಕೇಶನ್ ಲೋನ್ ಮಾಡಿ ಅಮೆರಿಕಕ್ಕೆ ಹೋಗಿರುತ್ತಾನಲ್ಲ, ಅದು ಎಂ.ಎಸ್. ಅದಕ್ಕೆ ಹೆಚ್ಚಿನವರು ಕೈಯಿಂದಲೇ ಫೀಸು ಕಟ್ಟುತ್ತಾರೆ. ಅಲ್ಲಿನ ಒಳ್ಳೆಯ ಯೂನಿವರ್ಸಿಟಿಗಳಲ್ಲಿ ಕಂಪ್ಯೂಟರ್ ಸೈನ್ಸ್ ಪಿಎಚ್.ಡಿ.ಗೆ ಸಾಮಾನ್ಯವಾಗಿ ಟ್ಯೂಷನ್ ಫೀಸು ಮಾಫಿ. ಪಾಠಕ್ಕೋ ಸಂಶೋಧನೆಗೋ ಸಹಾಯಕರಾಗಿ ದುಡಿದರೆ ಸ್ಟೈಪೆಂಡ್ ಕೊಡುತ್ತಾರೆ. ಇನ್ನೊಂದು ಕಾರಣ, ಕೆಲಸದಲ್ಲಿದ್ದುಕೊಂಡು ಮಾಡುವ ಪಾರ್ಟ್‌ಟೈಮ್ ಪಿಎಚ್.ಡಿ. ಅದಕ್ಕೆ ಸಾಮಾನ್ಯವಾಗಿ ಫೆಲೋಶಿಪ್ ಇಲ್ಲ, ಫೀಸು ಕೈಯಿಂದಲೇ. ಪೂರ್ಣಾವಧಿ ಪಿಎಚ್.ಡಿ., ಎಂ.ಎಸ್., ಪಾರ್ಟ್‌ಟೈಮ್ ಪಿಎಚ್.ಡಿ. ಮೂರನ್ನೂ ಕಲೆಸಿ ‘ಪಿಎಚ್.ಡಿ. ಶ್ರೀಮಂತರಿಗೆ’ ಅಂದುಬಿಡುತ್ತಾರೆ. ಈ ಒಂದು ಮಾತಿಗೆ ಹೆದರಿ ಜಾಣ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ನನಗೆ ನೋವಾಗುವುದು ಅದಕ್ಕೆ.

ಜೊತೆಯವರು ಕಂಪನಿ ಸೇರಿ ಜಾಸ್ತಿ ಸಂಬಳ ತರುತ್ತಾರೆ. ಐದು ವರ್ಷ ಅದನ್ನು ನೋಡುತ್ತಾ ಇರಬೇಕು. ಮನೆಯಲ್ಲಿ ಸಾಲ ಇದ್ದರೆ ಇದು ಕಷ್ಟವೇ. ಆದರೆ ಅದು ಬೇರೆ ಲೆಕ್ಕ ಅಲ್ವಾ?

ಯಾರೂ ಕೇಳದ ಪ್ರಶ್ನೆ ಒಂದಿದೆ: ಗೈಡ್ ಯಾರು? ಕಾಲೇಜಿನ ಹೆಸರಿಗಿಂತ ಇದೇ ಮುಖ್ಯ. ಅವರ ಈಚಿನ ಪೇಪರ್‌ಗಳನ್ನು ಓದಿ. ನಮ್ಮ ವಿಷಯದಲ್ಲಿ ಜರ್ನಲ್‌ಗಿಂತ ಒಳ್ಳೆಯ ಕಾನ್ಫರೆನ್ಸ್‌ಗೆ ಬೆಲೆ ಜಾಸ್ತಿ. ಥಿಯರಿಗೆ ಸ್ಟಾಕ್ (STOC), ಮೆಷಿನ್ ಲರ್ನಿಂಗ್‌ಗೆ ನ್ಯೂರಿಪ್ಸ್ (NeurIPS) ಥರದ ಕಾನ್ಫರೆನ್ಸ್‌ಗಳು. ದುಡ್ಡು ಕೊಟ್ಟರೆ ವಾರದೊಳಗೆ ಪೇಪರ್ ಹಾಕುವ ಜರ್ನಲ್‌ಗಳೇ ಪಟ್ಟಿಯಲ್ಲಿ ತುಂಬಿದ್ದರೆ ಆ ಕಡೆ ಹೋಗಬೇಡಿ. ಆಮೇಲೆ ಆ ಲ್ಯಾಬಿನ ಸೀನಿಯರ್‌ಗಳನ್ನು ಹುಡುಕಿ ಮಾತಾಡಿ. ಥೀಸಿಸ್ ಕೊಡಲು ಎಷ್ಟು ವರ್ಷ ಬೇಕಾಯಿತು, ಗೈಡ್ ವಾರಕ್ಕೊಮ್ಮೆಯಾದರೂ ಸಿಗುತ್ತಾರಾ, ಮಧ್ಯದಲ್ಲಿ ಬಿಟ್ಟು ಹೋದವರು ಯಾಕೆ ಹೋದರು ಎಂದು ಕೇಳಿ. ಗೈಡ್ ಎದುರಿಗಿಲ್ಲದಾಗ ಕೇಳಿ.